ಶಾಸಕರೇ, ನಮ್ಮ ಮಕ್ಕಳಿಗೆ ತ್ರಿಚಕ್ರ ಸೈಕಲ್ ಬೇಡ, ಹಗಲು ನೋಡಿಕೊಳ್ಳುವ ಒಂದು ಜಾಗ ಬೇಕು

ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು ನಿಮ್ಮ ಕ್ಷೇತ್ರದವಳೇ, ಮಲೆನಾಡಿನ ಒಂದು ಸಣ್ಣ ಊರಿನವಳು. ಮಗನಿಗೆ ಈಗ 20 ವರ್ಷ. ಹುಟ್ಟಿದಾಗಿನಿಂದ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಮೈ ಹಿಡಿತಕ್ಕೆ ಸಿಗುವುದಿಲ್ಲ. ಕುತ್ತಿಗೆ ನಿಲ್ಲುವುದಿಲ್ಲ, ಮಾತು ಬರುವುದಿಲ್ಲ, ಆದರೆ ಎಲ್ಲ ಅರ್ಥವಾಗುತ್ತದೆ. ನಿಮಗೆ ಕೊಟ್ಟ ಮನವಿಗೆ ಸೀಲು ಬಿತ್ತು, ಉತ್ತರ ಬರಲಿಲ್ಲ. ಅದಕ್ಕೇ ನಾಲ್ಕು ಜನ ಓದಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಕೇಳುವುದು ಒಂದೇ. ನಮ್ಮ ಹೋಬಳಿಯಲ್ಲಿ ಇಂಥವರನ್ನು ಹಗಲು ಹೊತ್ತು ನೋಡಿಕೊಳ್ಳುವ ಒಂದು ಡೇ ಕೇರ್ ಮಾಡಿಸಿ.

18 ತುಂಬುವವರೆಗೆ ಶಾಲೆಯ ಕಡೆಯಿಂದ ಒಬ್ಬ ಮೇಷ್ಟ್ರು ಮನೆಗೆ ಬರುತ್ತಿದ್ದರು. ಅವರ ಬೈಕಿನ ಸದ್ದು ಕೇಳಿದರೆ ಸಾಕು, ಇವನು ನಗುತ್ತಿದ್ದ. 18 ಆಯ್ತು, ಅದೂ ನಿಂತಿತು. ಈಗ ಅವನ ತೂಕ ಜಾಸ್ತಿಯಾಗಿದೆ, ನನ್ನ ಸೊಂಟ ಹೋಗಿದೆ. ಬೆಳಿಗ್ಗೆ ಎತ್ತಿಕೊಂಡು ಬಚ್ಚಲಿಗೆ ಹೋಗಬೇಕು, ಅನ್ನ ಮೆತ್ತಗೆ ಕಿವುಚಿ ಗಂಟಲಿಗೆ ಸಿಕ್ಕದ ಹಾಗೆ ಚಮಚದಲ್ಲಿ ಕೊಡಬೇಕು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಲ್ಲಿ ಹುಣ್ಣಾಗುತ್ತದೆ. ಅಡಿಕೆ ಸುಲಿಯುವ ಕಾಲದಲ್ಲಿ ಊರಿನ ಹೆಂಗಸರೆಲ್ಲ ನಾಲ್ಕು ಕಾಸು ನೋಡುತ್ತಾರೆ, ನಾನು ಹೋಗುವ ಹಾಗಿಲ್ಲ. ನನ್ನ ಅಮ್ಮ ತೀರಿಕೊಂಡಾಗ ಮುಖ ನೋಡಿದವಳು ಹೆಣ ಎತ್ತುವ ಮೊದಲೇ ವಾಪಸ್ ಬಸ್ಸು ಹತ್ತಿದೆ.

ಇನ್ನು ಪಂಚಾಯಿತಿ ವಿಷಯ. ಸ್ವಂತ ಆದಾಯದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗೆ ಎತ್ತಿಡಬೇಕು ಅನ್ನುವುದು ನಿಮಗೆ ಗೊತ್ತೇ ಇದೆ. ಡಿಸೆಂಬರ್ 3ಕ್ಕೆ ಅಂಗವಿಕಲರ ದಿನಾಚರಣೆ, ಮಗನನ್ನು ಕರೆತನ್ನಿ ಅಂದರು. ಆಟೋ ಮಾಡಿಕೊಂಡು ಹೋದೆ. ಕೊಟ್ಟಿದ್ದು ಕೈಯಲ್ಲಿ ತಿರುಗಿಸುವ ತ್ರಿಚಕ್ರ ಸೈಕಲ್. ಕುತ್ತಿಗೆ ನಿಲ್ಲದ, ಬೆರಳು ಮಡಚಲಾಗದ ಹುಡುಗನಿಗೆ! ಇವನಿಗೆ ಇದು ಆಗುವುದಿಲ್ಲ ಅಂದೆ. ‘ಫೋಟೊ ಆಗಲಿ ಅಮ್ಮ, ಬಿಲ್ಲಿಗೆ ಬೇಕು’ ಅಂದರು. ನಾನು ಚೀಲದಿಂದ ಟವೆಲ್ ತೆಗೆಯುವಷ್ಟರಲ್ಲಿ ಇಬ್ಬರು ಅವನನ್ನು ಎತ್ತಿ ಕೂರಿಸಿ ಕೈಬಿಟ್ಟರು. ಮುಂದಕ್ಕೆ ವಾಲಿ ಹ್ಯಾಂಡಲಿಗೆ ಬಡಿದ, ತುಟಿ ಒಡೆದು ರಕ್ತ ಬಂತು. ರಕ್ತ ಒರೆಸಿ ಇನ್ನೊಮ್ಮೆ ಕೂರಿಸಿ ಫೋಟೊ ತೆಗೆದರು, ಸ್ವಾಮಿ! ಸಂಜೆ ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅದೇ ಫೋಟೊ, ಅದರ ಕೆಳಗೆ ಅಭಿನಂದನೆಗಳು. ಸೈಕಲ್ ನಮ್ಮ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತಿದೆ. ಆ ದುಡ್ಡು ಯಾರಿಗೆ ಉಪಯೋಗವಾಯ್ತು, ನೀವೇ ಹೇಳಿ.

ಹೆಚ್ಚಿನ ಆಸರೆ ಬೇಕಾದವರ ಆರೈಕೆಗೆ ಭತ್ಯೆ ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಇದೆ. ಆರೈಕೆ ಮಾಡುವವರಿಗೆ ತಿಂಗಳಿಗೆ 1,000 ರೂಪಾಯಿ ಅಂತ 2024ರ ರಾಜ್ಯ ಬಜೆಟ್‌ನಲ್ಲೂ ಹೇಳಿದರು. ಅದು ಬೇಕು. ಆದರೆ ನಾನು ರೇಷನ್ ತರಲು ಹೋದಾಗ ದುಡ್ಡು ಬಂದು ಅವನ ಪಕ್ಕ ಕೂರುವುದಿಲ್ಲ ಅಲ್ವಾ? ಮನುಷ್ಯರು ಬೇಕು.

ಇದೇನು ಆಗದ ಕೆಲಸ ಅಲ್ಲ. ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗೆ 4,000 ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಅನ್ನುವ ಶಿಶುಪಾಲನಾ ಕೇಂದ್ರ ಮಾಡುತ್ತೇವೆ ಅಂತ 2023ರಲ್ಲಿ ಸರ್ಕಾರವೇ ಹೇಳಿತು. ಪಕ್ಕದ ಕೇರಳದಲ್ಲಿ ಪಂಚಾಯಿತಿಗಳು ಕುಟುಂಬಶ್ರೀ ಸ್ವಸಹಾಯ ಗುಂಪಿನ ಹೆಂಗಸರ ಜೊತೆ ಸೇರಿ ಇಂಥ ಮಕ್ಕಳಿಗೆ 2004ರಿಂದ ‘ಬಡ್ಸ್’ ಶಾಲೆ ನಡೆಸುತ್ತಿವೆ, 18 ದಾಟಿದವರಿಗೆ ಬೇರೆ ಕೇಂದ್ರಗಳೇ ಇವೆ. ಅಷ್ಟು ದೂರ ಯಾಕೆ, ನಮ್ಮ ದಕ್ಷಿಣ ಕನ್ನಡದ ಕೊಕ್ಕಡ, ಕೊಯಿಲದಲ್ಲೂ ಎಂಡೋಸಲ್ಫಾನ್ ಕೀಟನಾಶಕದಿಂದ ನೊಂದವರಿಗೆ ಡೇ ಕೇರ್ ಆಗಿದೆ. ಅಲ್ಲಿ ಆಗಿದ್ದು ಇಲ್ಲಿ ಯಾಕೆ ಆಗಬಾರದು?

ನಮ್ಮಲ್ಲಿ ಮಕ್ಕಳಿಲ್ಲದೆ ಬೀಗ ಹಾಕಿದ ಶಾಲೆ ಕಟ್ಟಡ ಇದೆ, ಅದನ್ನು ಕೊಡಿಸಿ. ಸೈಕಲ್ ತರುವ ಬದಲು ಅಕ್ಕಪಕ್ಕದ ಪಂಚಾಯಿತಿಗಳು ಆ ಶೇ 5ರ ದುಡ್ಡನ್ನು ಒಟ್ಟು ಹಾಕಲಿ. ಸಂಜೀವಿನಿ ಸ್ವಸಹಾಯ ಸಂಘಗಳ ಒಕ್ಕೂಟದ ಇಬ್ಬರು ಹೆಂಗಸರಿಗೆ ತರಬೇತಿ ಕೊಟ್ಟು ಸಂಬಳ ಕೊಡಿ. ವಾರಕ್ಕೊಮ್ಮೆ ಫಿಸಿಯೋಥೆರಪಿಯವರು ಬರಲಿ. ರ್‍ಯಾಂಪ್ ಕಟ್ಟಿಕೊಡುತ್ತೇವೆ ಅಂತ ಯುವಕ ಸಂಘದ ಹುಡುಗರು ಹೇಳಿದ್ದಾರೆ, ಹಾಲಿನ ಸೊಸೈಟಿಯವರು ದಿನಾ ಹಾಲು ಕೊಡಲು ಒಪ್ಪಿದ್ದಾರೆ. ಸರದಿ ಮೇಲೆ ಅಡುಗೆಗೆ ನಾವು ತಾಯಂದಿರಿದ್ದೇವೆ. ನಾನೇ ಮನೆಮನೆಗೆ ಫೋನ್ ಮಾಡಿ ಕೇಳಿದ್ದೇನೆ, ಯಾರೂ ಆಗಲ್ಲ ಅನ್ನಲಿಲ್ಲ. ಎಲ್ಲರೂ ಹೇಳಿದ್ದು ಒಂದೇ: ‘ಶಾಸಕರು ಒಂದು ಮಾತು ಹೇಳಿದರೆ ಆಗುತ್ತೆ.’

ಆ ಒಂದು ಮಾತನ್ನು ಹೇಳಿ. ಶಾಲು, ಸನ್ಮಾನ ಏನೂ ಬೇಡ. ಡೇ ಕೇರ್ ಮಾಡಿಸಿ.

ತಾಲ್ಲೂಕಿನ ಕೆಡಿಪಿ (ಅಭಿವೃದ್ಧಿ ಕೆಲಸಗಳ ಪರಿಶೀಲನಾ) ಸಭೆಗೆ ನೀವೇ ಅಧ್ಯಕ್ಷರು. ಮುಂದಿನ ಸಭೆಯಲ್ಲೇ ಇದನ್ನು ಎತ್ತಿ. ಬಿಇಒ, ವೈದ್ಯಾಧಿಕಾರಿ ಅಲ್ಲಿ ಇರುತ್ತಾರೆ, ಅವರ ಜೊತೆ ಪಿಡಿಒಗಳನ್ನೂ ಸಂಘದವರನ್ನೂ ನಮ್ಮನ್ನೂ ಕರೆಯಿರಿ. ಸಭೆಯನ್ನು ಹನ್ನೊಂದು ಗಂಟೆಯ ಮೇಲೆ ಇಡಿ, ಆ ಹೊತ್ತಿಗೆ ಪಕ್ಕದ ಮನೆಯ ಅತ್ತಿಗೆ ಬಂದು ಮಗನ ಹತ್ತಿರ ಕೂರುತ್ತಾರೆ. ಅದಕ್ಕೂ ಮೊದಲಾದರೆ ನಾನು ಬರಲಾಗುವುದಿಲ್ಲ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ತಾಯಿ