ಸೀಸದ ಕಿಟಕಿಗೆ ಚದರಡಿ ಲೆಕ್ಕ ಬೇಡ

ಸಂಪಾದಕರಿಗೆ ನಮಸ್ಕಾರ.

ಹಳೆಯ ಕಟ್ಟಡವೊಂದರ ರಿಪೇರಿಗೆ ಟೆಂಡರ್ ಕರೆದ ಪ್ರಕಟಣೆಯನ್ನು ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ನೋಡಿ, ಕೆಲಸದ ಪಟ್ಟಿ ತರಿಸಿಕೊಂಡೆ. ಕಟ್ಟಡದ ಹೆಸರು ಇಲ್ಲಿ ಬೇಡ. ಅದರ ಮಹಡಿ ಮೆಟ್ಟಿಲ ಪಕ್ಕ ದೊಡ್ಡದೊಂದು ಕಿಟಕಿ ಇದೆ. ಬಣ್ಣದ ಗಾಜಿನ ತುಂಡುಗಳನ್ನು ಸೀಸದ ಪಟ್ಟಿಯಿಂದ ಕೂಡಿಸಿ ಮಾಡಿದ ಕಿಟಕಿ. ಕೆಲಸದ ಪಟ್ಟಿಯಲ್ಲಿ ಅದಕ್ಕೆ ಸಿಕ್ಕಿದ್ದು ಒಂದೇ ಸಾಲು. ಒಡೆದ ಗಾಜು ತೆಗೆದು ಹೊಸ ಗಾಜು ಹಾಕುವುದು, ಚದರಡಿಗೆ ಇಷ್ಟು. ಕಚೇರಿ ಬಾಗಿಲಿನ ಗಾಜಿಗೂ ಅದೇ ಸಾಲು, ಅದೇ ದರ.

ನಾನು ಮೈಸೂರಿನಲ್ಲಿ ಗಾಜು ಮತ್ತು ಫ್ರೇಮಿನ ಕೆಲಸ ಮಾಡುವವನು. ಸೀಸದ ಕೆಲಸವನ್ನು ಹಿರಿಯ ಮೇಸ್ತ್ರಿಯೊಬ್ಬರ ಕೈಕೆಳಗೆ ಕಲಿತೆ. ಈಗಲೂ ವರ್ಷಕ್ಕೆ ಕೆಲವು ಕಿಟಕಿಗಳು ನನ್ನ ಮೇಜಿಗೆ ಬರುತ್ತವೆ. ಚದರಡಿ ಲೆಕ್ಕ ಈ ಕೆಲಸಕ್ಕೆ ಯಾಕೆ ಹೊಂದುವುದಿಲ್ಲ ಅಂತ ಪಟ್ಟಿ ಮಾಡುವ ಎಂಜಿನಿಯರುಗಳಿಗೂ ಹಳೆ ಕಟ್ಟಡಗಳ ಮಾಲೀಕರಿಗೂ ಹೇಳಬೇಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಒಂದು ಚದರಡಿ ಜಾಗದಲ್ಲಿ ಆರು ನೇರ ತುಂಡುಗಳು ಇರಬಹುದು. ಅದೇ ಜಾಗದಲ್ಲಿ ಒಂದು ಹೂವು, ನಾಲ್ಕು ಎಲೆ, ಬಳ್ಳಿ ಬಂದರೆ ನಲವತ್ತು ತುಂಡು ಆಗಬಹುದು. ಪ್ರತಿ ತುಂಡನ್ನೂ ಬೇರೆಯಾಗಿ ಕತ್ತರಿಸಬೇಕು, ಅಂಚು ತಿದ್ದಬೇಕು, ಕೂರಿಸಿ ನೋಡಬೇಕು. ಸೀಸ ಸೀಸಕ್ಕೆ ತಾಗುವ ಪ್ರತಿ ಜಾಗದಲ್ಲೂ ಹಿಂದೆ ಮುಂದೆ ಎರಡೂ ಕಡೆ ಬೆಸುಗೆ ಹಾಕಬೇಕು. ಇವೆರಡಕ್ಕೂ ಒಂದೇ ದರ ಅಂದರೆ ಹೂವಿನ ಕಿಟಕಿಯನ್ನು ಯಾರೂ ಸರಿಯಾಗಿ ಮಾಡುವುದಿಲ್ಲ. ಮಾಡಿದವನಿಗೆ ಕೂಲಿಯೂ ಗಿಟ್ಟುವುದಿಲ್ಲ.

ಗಾಜನ್ನು ಕಟ್ಟರ್ ಪೂರ್ತಿ ಸೀಳುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಅದರ ತುದಿಯ ಪುಟ್ಟ ಗಾಲಿ ಮೇಲ್ಮೈಯಲ್ಲಿ ಒಂದು ಸಣ್ಣ ಗೀರು ಎಳೆಯುತ್ತದೆ, ಅಷ್ಟೇ. ಆಮೇಲೆ ಬಗ್ಗಿಸಿದಾಗ ಬಿರುಕು ಆ ಗೀರಿನ ದಾರಿ ಹಿಡಿದು ಓಡುತ್ತದೆ. ಗೀರು ಈ ಅಂಚಿನಿಂದ ಆ ಅಂಚಿಗೆ ಒಂದೇ ಎಳೆತಕ್ಕೆ ಹೋಗಬೇಕು. ನಡುವೆ ಕೈ ಎತ್ತಬಾರದು. ಸರಿಯಾಗಿ ಬಿತ್ತೋ ಇಲ್ಲವೋ ಅಂತ ಅದರ ಮೇಲೇ ಇನ್ನೊಮ್ಮೆ ಎಳೆಯಲೇಬಾರದು. ಎಳೆದರೆ ಗಾಲಿಯೂ ಹಾಳು, ಗಾಜೂ ಅಡ್ಡಾದಿಡ್ಡಿ ಒಡೆಯುತ್ತದೆ. ಗಾಲಿಗೆ ಒಂದಿಷ್ಟು ಸೀಮೆಎಣ್ಣೆ ಇಲ್ಲವೇ ತೆಳು ಎಣ್ಣೆ ಇರಬೇಕು. ಒತ್ತಡ ಸರಿಯಿದ್ದರೆ ಸಣ್ಣಗೆ ಒಂದೇ ಸಮ ‘ಚರ್’ ಅನ್ನುವ ಸದ್ದು ಬರುತ್ತದೆ. ಜಾಸ್ತಿ ಒತ್ತಿದರೆ ಗೀರಿನ ಉದ್ದಕ್ಕೂ ಬಿಳಿ ಪುಡಿ, ಚಕ್ಕೆ ಏಳುತ್ತದೆ. ಅಂಥ ಗೀರನ್ನು ನಂಬುವ ಹಾಗಿಲ್ಲ.

ನೇರ ಗೀರು ಸುಲಭ. ಹೊರಗೆ ಉಬ್ಬಿದ ಬಾಗನ್ನೂ ನಾಲ್ಕಾರು ಗೀರು ಎಳೆದು ತೆಗೆಯಬಹುದು. ಕಷ್ಟ ಇರುವುದು ಒಳಗೆ ಬಾಗಿದ ಅಂಚಿನಲ್ಲಿ. ಹೂವಿನ ದಳದ ಪಕ್ಕದ ಹಿನ್ನೆಲೆ ತುಂಡನ್ನೇ ನೋಡಿ. ಅದರ ಅಂಚು ಒಳಗೆ ಬಾಗಿರುತ್ತದೆ. ಬೇಕಾದ ಗೀರನ್ನು ಮೊದಲು ಎಳೆದು, ಅದರ ಹೊರಗೆ ಸ್ವಲ್ಪ ಸ್ವಲ್ಪ ದೂರ ಬಿಟ್ಟು ಇನ್ನೂ ಎರಡು ಮೂರು ಬಾಗು ಗೀರು ಎಳೆಯಬೇಕು. ಆಮೇಲೆ ಹೊರಗಿನದರಿಂದ ಶುರು ಮಾಡಿ ಒಂದೊಂದೇ ಸಿಪ್ಪೆಯನ್ನು ಇಕ್ಕಳದಲ್ಲಿ ಹಿಡಿದು ತೆಗೆಯಬೇಕು. ಒಂದೇ ಸಲಕ್ಕೆ ಎಲ್ಲಾ ಎಳೆದರೆ ಬಿರುಕು ಗೀರು ಬಿಟ್ಟು ನೇರ ಹೋಗಿ ತುಂಡು ಎರಡಾಗುತ್ತದೆ. ಕೊನೆಗೆ ಉಳಿದ ಮೊನೆಗಳನ್ನು ಹಲ್ಲಿನ ಇಕ್ಕಳದಿಂದ ಕಡಿದು ಕಡಿದು ತಿದ್ದುತ್ತೇವೆ. ಈಗ ನೀರು ಹಾಯಿಸಿ ಉಜ್ಜುವ ಗ್ರೈಂಡರ್ ಬಂದಿದೆ. ಕೆಲಸ ಹಗುರವಾಗಿದೆ, ನಿಜ. ಆದರೆ ಕಟ್ಟರಿನಲ್ಲಿ ತಪ್ಪಿದ್ದನ್ನೆಲ್ಲ ಗ್ರೈಂಡರಿಗೆ ಬಿಟ್ಟರೆ ಹೊತ್ತು ಮುಳುಗಿದರೂ ಕೆಲಸ ಮುಗಿಯುವುದಿಲ್ಲ.

ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವವರಿಗೆ ಇಲ್ಲೊಂದು ಮಾತು. ‘ಎಲ್’ ಅಕ್ಷರದ ಹಾಗೆ ಒಳಮೂಲೆ ಇರುವ ಗಾಜಿನ ತುಂಡನ್ನು ನಕ್ಷೆಯಲ್ಲಿ ಬರೆಯಬೇಡಿ. ಕೈ ಕಟ್ಟರಿನಲ್ಲಿ ಅದು ಬರುವುದಿಲ್ಲ. ಹೇಗೋ ಮಷೀನಿನಲ್ಲಿ ತೆಗೆದರೂ ಆ ಮೂಲೆಯಿಂದಲೇ ಒಂದು ದಿನ ಬಿರುಕು ಬಿಡುತ್ತದೆ. ಹಳೆಯ ಕಿಟಕಿಗಳಲ್ಲಿ ಇಂಥ ಕಡೆ ಒಂದು ಸೀಸದ ಗೆರೆ ಹಾದು ಹೋಗಿರುತ್ತದೆ. ಅದು ಅಂದಕ್ಕೆ ಹಾಕಿದ್ದಲ್ಲ. ಗಾಜು ಎಲ್ಲಿ ತಾನಾಗಿ ಬಿರಿಯುತ್ತಿತ್ತೋ ಅಲ್ಲೇ ಅದನ್ನು ಎರಡು ತುಂಡು ಮಾಡಿ ಕೂಡಿಸಿದ್ದಾರೆ.

ಇನ್ನು ಅಳತೆ. ಸೀಸದ ಪಟ್ಟಿಯನ್ನು ಅಡ್ಡ ಕೊಯ್ದು ನೋಡಿದರೆ ಇಂಗ್ಲಿಷಿನ ‘ಎಚ್’ ಅಕ್ಷರದ ಹಾಗಿರುತ್ತದೆ. ಎರಡು ಪಕ್ಕದ ತೋಡಿಗೆ ಎರಡು ಗಾಜು ಸೇರುತ್ತವೆ. ಅವುಗಳ ನಡುವೆ ಸೀಸದ ಸಣ್ಣ ಗೋಡೆ ನಿಲ್ಲುತ್ತದೆ. ಆ ಗೋಡೆಗೆ ದಪ್ಪ ಇದೆ ಅಲ್ವಾ? ಸುಮಾರು ಒಂದೂವರೆಯಿಂದ ಎರಡು ಮಿಲಿಮೀಟರ್. ಅಷ್ಟು ಜಾಗವನ್ನು ಗಾಜಿನಿಂದಲೇ ಕಳೆಯಬೇಕು. ಅದಕ್ಕೇ ನಕ್ಷೆಯ ಕಾಗದವನ್ನು ಮೂರು ಅಲಗಿನ ಕತ್ತರಿಯಿಂದ ಕತ್ತರಿಸುತ್ತೇವೆ. ನಡುವಿನ ಅಲಗು ಗೆರೆಯ ಮೇಲೇ ಹೋಗಿ ತೆಳು ದಾರದಂಥ ಕಾಗದವನ್ನು ತೆಗೆದು ಹಾಕುತ್ತದೆ. ಆ ಕತ್ತರಿ ಇಲ್ಲದವರು ಗೆರೆಯ ಒಳಮೈಗೆ ಕತ್ತರಿಸಬೇಕು. ‘ಗೆರೆ ಉಳಿಸಬೇಡ ಕಣೋ, ಗೆರೆ ತಿಂದು ಕತ್ತರಿಸು’ ಅನ್ನುತ್ತಿದ್ದರು ನಮ್ಮ ಮೇಸ್ತ್ರಿ.

ಇದನ್ನು ಬಿಟ್ಟರೆ ಏನಾಗುತ್ತದೆ? ಅಡ್ಡಸಾಲಿನಲ್ಲಿ ಹತ್ತು ತುಂಡು ಇವೆ ಅಂದುಕೊಳ್ಳಿ. ಪ್ರತಿ ತುಂಡೂ ಒಂದೇ ಒಂದು ಮಿಲಿಮೀಟರ್ ಜಾಸ್ತಿ ಇದ್ದರೆ ಪ್ಯಾನೆಲ್ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಚೌಕಟ್ಟಿಗೆ ಕೂರುವುದಿಲ್ಲ. ಆಗ ಅವಸರದಲ್ಲಿ ಚೌಕಟ್ಟನ್ನೇ ಉಳಿಯಿಂದ ಕೆತ್ತುತ್ತಾರೆ. ನೂರು ವರ್ಷದ ತೇಗದ ಚೌಕಟ್ಟನ್ನು ಹೀಗೆ ಕೆತ್ತಿದ್ದನ್ನು ನಾನೇ ಕಂಡಿದ್ದೇನೆ. ಅದನ್ನು ನೋಡಿ ಬಹಳ ಸಂಕಟವಾಯಿತು.

ಜೋಡಿಸುವ ರೀತಿಯೂ ಹಾಗೇ, ಅವಸರಕ್ಕೆ ಬರುವುದಲ್ಲ. ಹಲಗೆಯ ಮೇಲೆ ಎರಡು ರೀಪರನ್ನು ಮೂಲೆಮಟ್ಟಕ್ಕೆ ಹೊಡೆದು, ಆ ಮೂಲೆಯಿಂದ ಶುರು ಮಾಡುತ್ತೇವೆ. ಸೀಸದ ಪಟ್ಟಿಯ ಒಂದು ತುದಿಯನ್ನು ವೈಸಿಗೆ ಕಚ್ಚಿಸಿ ಇನ್ನೊಂದು ತುದಿ ಹಿಡಿದು ಮೊದಲು ಎಳೆಯುತ್ತೇವೆ. ಆಗ ಸುಕ್ಕು ಹೋಗಿ ಸ್ವಲ್ಪ ಬಿಗಿಯಾಗುತ್ತದೆ. ಒಂದು ಗಾಜು, ಅದರ ಪಕ್ಕ ಸೀಸ, ಮತ್ತೆ ಗಾಜು. ಅಲ್ಲಾಡದಂತೆ ಕುದುರೆ ಲಾಳದ ಮೊಳೆ ಹೊಡೆದು ನಿಲ್ಲಿಸುತ್ತೇವೆ. ಅದರ ಮೈ ಚಪ್ಪಟೆ, ಹಾಗಾಗಿ ಸೀಸಕ್ಕೆ ಗಾಯವಾಗುವುದಿಲ್ಲ. ಬೆಸುಗೆಗೆ ತವರ ಅರವತ್ತು, ಸೀಸ ನಲವತ್ತು ಭಾಗದ ಸೋಲ್ಡರ್ ಬಳಸುತ್ತೇವೆ. ಅದು ಸುಮಾರು 190 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಬರಿಯ ಸೀಸ 327ರಲ್ಲಿ. ಕಾದ ಐರನ್ನನ್ನು ಒಂದು ಕ್ಷಣ ಜಾಸ್ತಿ ಇಟ್ಟರೆ ಪಟ್ಟಿಯೇ ಕರಗಿ ತೂತು ಬೀಳುತ್ತದೆ. ಹೊಸಬರು ಹೆದರಬೇಕಾದ ಜಾಗ ಇದೇ.

ಬೆಸುಗೆ ಆದ ಮೇಲೂ ಪ್ಯಾನೆಲ್ ಗಟ್ಟಿಯಾಗಿರುವುದಿಲ್ಲ. ಎತ್ತಿದರೆ ಗಡಗಡ ಅನ್ನುತ್ತದೆ. ಅಗಸೆ ಎಣ್ಣೆ, ಸೀಮೆಸುಣ್ಣದ ಪುಡಿ, ಸ್ವಲ್ಪ ಟರ್ಪೆಂಟೈನ್, ಕಾಡಿಗೆ ಕಪ್ಪು ಕಲಸಿದ ಪುಟ್ಟಿಯನ್ನು ಬ್ರಷ್ಷಿನಿಂದ ಸೀಸದ ರೆಕ್ಕೆಗಳ, ಅಂದರೆ ಗಾಜಿನ ಮೇಲೆ ಚಾಚಿದ ಅಂಚುಗಳ, ಅಡಿಗೆ ತುರುಕಬೇಕು. ಎರಡೂ ಕಡೆ. ಮೇಲೆ ಒಣ ಪುಡಿ ಇಲ್ಲವೇ ಮರದ ಹೊಟ್ಟು ಎರಚಿ ಉಜ್ಜಿ ತೆಗೆದು, ಕೆಲವು ದಿನ ಚಪ್ಪಟೆಯಾಗಿ ಮಲಗಿಸಬೇಕು. ಮಳೆ ನೀರು ಒಳಗೆ ಬಾರದಂತೆ ತಡೆಯುವುದೂ ಇದೇ, ಗಾಜನ್ನು ಬಿಗಿ ಹಿಡಿಯುವುದೂ ಇದೇ.

ಟೆಂಡರ್ ಹಿಡಿದವರು ಈಗ ಮಾಡುತ್ತಿರುವುದು ಬೇರೆ. ಒಡೆದ ತುಂಡಿನ ಜಾಗಕ್ಕೆ ಅಂದಾಜಿಗೆ ಒಂದು ಗಾಜು ಕತ್ತರಿಸಿ, ಸೀಸದ ಮೇಲೇ ಇಟ್ಟು ಸುತ್ತ ಸಿಲಿಕೋನ್ ಮೆತ್ತುತ್ತಾರೆ. ಇನ್ನು ಕೆಲವರು ಬಿಳಿ ಗಾಜಿಗೆ ಬಣ್ಣದ ಸ್ಟಿಕರ್ ಅಂಟಿಸುತ್ತಾರೆ. ಮುಂದೆ ಯಾರಾದರೂ ಸರಿ ಮಾಡಲು ಹೊರಟರೆ ಆ ಸಿಲಿಕೋನ್ ಕೆರೆದು ತೆಗೆಯುವುದೇ ದೊಡ್ಡ ಕೆಲಸ. ಪಕ್ಕದ ಹಳೆಯ ಗಾಜುಗಳಿಗೂ ಗೀರು ಬೀಳುತ್ತದೆ.

ಒಂದೆರಡು ತುಂಡು ಒಡೆದಿದ್ದರೆ ಇಡೀ ಪ್ಯಾನೆಲ್ ಬಿಚ್ಚಲೇಬೇಕು ಅಂತಿಲ್ಲ. ಮೂಲೆಗಳ ಬೆಸುಗೆಯ ಹತ್ತಿರ ಸೀಸದ ರೆಕ್ಕೆಯನ್ನು ಚಾಕುವಿನಿಂದ ಕೊಯ್ದು, ಒಂದು ಕಡೆಯ ರೆಕ್ಕೆಯನ್ನು ಮೆಲ್ಲಗೆ ಮೇಲಕ್ಕೆ ಮಡಚಬೇಕು. ಒಡೆದ ಗಾಜನ್ನು ಚೂರು ಚೂರಾಗಿ ತೆಗೆದು, ಹಳೆ ಪುಟ್ಟಿ ಕೆರೆದು, ಹೊಸ ತುಂಡು ಇಳಿಸಿ, ರೆಕ್ಕೆ ಮಡಚಿ, ಮೂಲೆಗೆ ಬೆಸುಗೆ ಹಾಕಿ, ಪುಟ್ಟಿ ತುಂಬಬೇಕು. ಸೀಸ ತೀರಾ ಹಳೆಯದಾಗಿ ಬಿರುಕು ಬಿಟ್ಟು, ಪ್ಯಾನೆಲ್ ಹೊಟ್ಟೆ ಬಿಟ್ಟಿದ್ದರೆ ಮಾತ್ರ ಪೂರ್ತಿ ಬಿಚ್ಚಿ ಹೊಸ ಸೀಸ ಹಾಕಬೇಕು. ಬಿಚ್ಚುವ ಮೊದಲು ಮೇಲೆ ತೆಳು ಕಾಗದ ಹಾಸಿ ಪೆನ್ಸಿಲಿನಿಂದ ಉಜ್ಜಿ ಸೀಸದ ಗೆರೆಗಳನ್ನೆಲ್ಲ ಮೂಡಿಸಿಕೊಳ್ಳಬೇಕು, ತುಂಡುಗಳಿಗೆ ನಂಬರ್ ಹಾಕಬೇಕು.

ಮುಖ, ಕೈ, ಬಟ್ಟೆಯ ಮಡಿಕೆ ಬರೆದ ತುಂಡುಗಳ ವಿಷಯದಲ್ಲಂತೂ ಕಾಳಜಿ ಇನ್ನೂ ಜಾಸ್ತಿ ಬೇಕು. ಆ ಬಣ್ಣವನ್ನು ಗಾಜಿನ ಮೇಲೆ ಬರೆದು 600 ಡಿಗ್ರಿಗೂ ಮೇಲೆ ಕುಲುಮೆಯಲ್ಲಿ ಸುಟ್ಟಿರುತ್ತಾರೆ. ಅಂಥದ್ದು ಎರಡಾಗಿದ್ದರೂ ಬದಲಿಸಬಾರದು, ಬಲ್ಲವರಿಂದ ಅಂಟಿಸಬೇಕು. ಹಳೆಯ ಕೆಂಪು ಗಾಜು ಬಹಳ ಸಲ ಪೂರ್ತಿ ಕೆಂಪಾಗಿರುವುದಿಲ್ಲ. ಬಿಳಿ ಗಾಜಿನ ಮೇಲೆ ಕೆಂಪಿನ ತೆಳು ಪದರ ಇರುತ್ತದೆ. ಅದನ್ನು ಕತ್ತರಿಸುವಾಗ ಪದರ ಇಲ್ಲದ ಮಗ್ಗುಲಿಗೆ ಗೀರು ಎಳೆಯಬೇಕು. ಇದು ತಿಳಿಯದವನ ಕೈಗೆ ಕೊಟ್ಟರೆ ಕೆಂಪು ಚಕ್ಕೆ ಎದ್ದು ಬಿಳಿ ಅಂಚು ಕಾಣುತ್ತದೆ.

ಈ ಊರಿನವರಿಗೆ ಬಣ್ಣದ ಗಾಜಿನ ಬೆಲೆ ಹೇಳಿಕೊಡಬೇಕಾಗಿಲ್ಲ. 1897ರ ಬೆಂಕಿಯ ನಂತರ ಕಟ್ಟಲು ಶುರು ಮಾಡಿ 1912ರಲ್ಲಿ ಮುಗಿಸಿದ ಅರಮನೆಯ ಕಲ್ಯಾಣ ಮಂಟಪದಲ್ಲಿ ನವಿಲಿನ ಚಿತ್ತಾರದ ಗಾಜಿನ ಚಾವಣಿ ಇದೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಇಟ್ಟ ಸಂತ ಫಿಲೋಮಿನಾ ಚರ್ಚಿನಲ್ಲಿ ಏಸುವಿನ ಜನನ, ಕೊನೆಯ ಭೋಜನ, ಶಿಲುಬೆಗೇರಿಸಿದ್ದು ಎಲ್ಲಾ ಗಾಜಿನಲ್ಲೇ ಇವೆ. ಇವನ್ನು ನೋಡಲು ಜನ ದೂರದಿಂದ ಬರುತ್ತಾರೆ. ಹೆಸರಿಲ್ಲದ ಬಂಗಲೆ, ಶಾಲೆ, ಸಣ್ಣ ಚರ್ಚುಗಳ ಕಿಟಕಿಗಳಿಗೆ ಆ ಭಾಗ್ಯ ಇಲ್ಲ. ಅವು ಹೋಗುವುದು ಇಂಥ ಒಂದು ಸಾಲಿನ ಟೆಂಡರಿನಲ್ಲೇ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಸೀಸದ ಕಿಟಕಿಯ ಕೆಲಸವನ್ನು ಉಳಿದ ಗಾಜಿನ ಕೆಲಸದಿಂದ ಬೇರೆ ಮಾಡಿ ಬರೆಯಿರಿ. ಎಷ್ಟು ತುಂಡು ಒಡೆದಿವೆ, ಅದರಲ್ಲಿ ಬಾಗು ಎಷ್ಟು, ಚಿತ್ರ ಬರೆದದ್ದು ಎಷ್ಟು ಅಂತ ಎಣಿಸಿ ತುಂಡಿನ ಲೆಕ್ಕದಲ್ಲಿ ದರ ಕೇಳಿ. ಕೆಲಸ ಕೊಡುವ ಮೊದಲು ಒಂದು ಚಿಕ್ಕ ಪ್ಯಾನೆಲ್ ಮಾಡಿಸಿ ನೋಡಿ. ಅದರಲ್ಲಿ ಒಳಗೆ ಬಾಗಿದ ತುಂಡು ಒಂದಾದರೂ ಇರಲಿ. ಎಣಿಸುವ ಕೆಲಸಕ್ಕೆ ಕರೆದರೆ ನಾನು ಬರುತ್ತೇನೆ, ಅದಕ್ಕೆ ದುಡ್ಡು ಬೇಡ.

ಕೆಲಸ ಬಲ್ಲವರು ಎಲ್ಲಿದ್ದಾರೆ ಅಂತ ಕೇಳುತ್ತಾರೆ. ನಮ್ಮ ಗಾಜಿನಂಗಡಿಗಳ ಹುಡುಗರನ್ನು ನೋಡಿ. ಆಳೆತ್ತರದ ಹಾಳೆಯನ್ನು ಒಂದೇ ಗೀರಿಗೆ ನೇರ ಸೀಳುತ್ತಾರೆ. ಆ ಕೈಗೆ ಬಾಗು ಗೀರು, ಸೀಸ, ಬೆಸುಗೆ ಕಲಿಸುವುದು ಅಸಾಧ್ಯವೇನಲ್ಲ. ಐಟಿಐಗಳಲ್ಲಿ ಸಣ್ಣದೊಂದು ತರಬೇತಿ ಶುರು ಮಾಡಿದರೂ ಸಾಕು. ಕಲಿಸುವವರು ಮೊದಲ ದಿನವೇ ಸೀಸದ ವಿಷದ ಬಗ್ಗೆ ಹೇಳಲಿ. ಮೇಜಿನ ಹತ್ತಿರ ಊಟ, ಕಾಫಿ, ಬೀಡಿ ಯಾವುದೂ ಬೇಡ. ಕಿಟಕಿ ತೆರೆದಿರಬೇಕು. ಕೈ ತೊಳೆಯದೆ ಮನೆಯ ಮಕ್ಕಳನ್ನು ಎತ್ತಿಕೊಳ್ಳಬಾರದು.

ಮನೆಯಲ್ಲಿ ಇಂಥ ಕಿಟಕಿ ಇರುವ ಓದುಗರಿಗೂ ಒಂದು ಮಾತು. ಗಾಜು ಒಡೆದರೆ ಚೂರುಗಳನ್ನು ಸುಮ್ನೆ ಕಸಕ್ಕೆ ಹಾಕಬೇಡಿ. ಕಾಗದದಲ್ಲಿ ಸುತ್ತಿ ಡಬ್ಬದಲ್ಲಿಡಿ, ಯಾವ ಕಿಟಕಿಯದು ಅಂತ ಮೇಲೆ ಬರೆದಿಡಿ. ಬಣ್ಣ ಹೊಂದಿಸಲು, ಅಳತೆ ತೆಗೆಯಲು ನಮಗೆ ಬೇಕಾಗುವುದು ಅವೇ ಚೂರುಗಳು. ತೂತಿಗೆ ಸದ್ಯಕ್ಕೆ ಒಂದು ರಟ್ಟು ಅಡ್ಡ ಇಡಿ, ಸಾಕು. ಸಿಲಿಕೋನ್ ಹಚ್ಚಿಸಬೇಡಿ.

– ಗಾಜಿನ ಕೆಲಸಗಾರ, ಮೈಸೂರು