ಮಗಳಿಗೊಂದು ಪತ್ರ: ನನ್ನ ಅಂಗಡಿಯ ವಾಸನೆ

ದಾವಣಗೆರೆ
ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ನೀನು, ಅಳಿಯಂದಿರು, ಪಾಪು ಚೆನ್ನಾಗಿದ್ದೀರಿ ಅಂತ ನಿನ್ನೆ ವಿಡಿಯೋ ಕಾಲ್‌ನಲ್ಲೇ ನೋಡಿದೆ. ಅಲ್ಲಿ ಇಂಗ್ಲೆಂಡಿನಲ್ಲಿ ನೀವು ತಗೊಂಡ, ಕಾರಿನ ಹಿಂದೆ ಕಟ್ಟಿ ಎಳೆಯೋ ಕಾರವಾನ್ ತೋರಿಸಿದೆಯಲ್ಲ, ಅಮ್ಮ ಅದರೊಳಗಿನ ಒಲೆ, ಹಾಸಿಗೆ, ಪುಟ್ಟ ಸಿಂಕು ನೋಡಿ ರಾತ್ರಿಯೆಲ್ಲ ಅದನ್ನೇ ಹೇಳುತ್ತಿದ್ದಳು. ನಾನು ನೋಡಿದ್ದು ಅದರ ಗಾಲಿ. 32 ವರ್ಷ ಪಿ.ಬಿ. ರೋಡಿನಲ್ಲಿ ಕೂತು ಲಾರಿಗಳಿಗೆ ಬ್ರೇಕ್ ಲೈನರ್ (ಗಾಲಿಯ ಜೊತೆ ತಿರುಗೋ ಡ್ರಮ್ಮಿಗೆ ಉಜ್ಜಿ ಗಾಡಿ ನಿಲ್ಲಿಸೋ ಪಟ್ಟಿ) ಹೊಡೆದವನ ಕಣ್ಣು ಇನ್ನೆಲ್ಲಿಗೆ ಹೋಗಬೇಕು?

ಲೀಡ್ಸ್‌ನಿಂದ ವಿಟ್ಬಿಗೆ ಹೋಗ್ತೀವಿ, ಸಮುದ್ರದ ಹತ್ತಿರ ನಾಲ್ಕು ದಿನ ಇರ್ತೀವಿ ಅಂದೆ. ಫೋನಿನಲ್ಲಿ ಬ್ರೇಕಿನ ವಿಷಯ ತೆಗೆದರೆ "ಗೊತ್ತು ಬಿಡಪ್ಪ" ಅಂತ ಮಾತು ಮುಗಿಸ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದಕ್ಕೆ ಅಡ್ಡಬಾಯಿ ಹಾಕೋಕೆ ಆಗಲ್ಲ ಅಲ್ವಾ.

ನಿನಗೆ ಚಾರ್ಮಾಡಿ ನೆನಪಿದೆಯಾ? ಆಗ ನೀನು ಎರಡನೇ ಕ್ಲಾಸು. ಬಾಡಿಗೆ ಮೆಟಡೋರ್ ಮಾಡಿಕೊಂಡು ಧರ್ಮಸ್ಥಳಕ್ಕೆ ಹೊರಟಿದ್ದೆವು. ಅತ್ತೆ ಮನೆಯವರೂ ಸೇರಿ ಹದಿನೈದು ಜನ. ಕೊಟ್ಟಿಗೆಹಾರದಲ್ಲಿ ಟೀ ಕುಡಿದು ಘಾಟಿ ಇಳಿಯೋಕೆ ಶುರು ಮಾಡಿದೆವು. ಡ್ರೈವರ್ ಇನ್ನೂ ಹುಡುಗ. ಡೀಸೆಲ್ ಉಳಿಯಲಿ ಅಂತ ನ್ಯೂಟ್ರಲ್ ಮಾಡಿ ಬಿಟ್ಟಿದ್ದ. ತಿರುವು ಬಂದಾಗೆಲ್ಲ ಬ್ರೇಕು, ತಿರುವು ಮುಗಿದರೆ ಮತ್ತೆ ಓಟ. ನಾನು ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದೆ. ನೀನು ನನ್ನ ತೊಡೆಯ ಮೇಲೆ ಕೂತಿದ್ದೆ. ಇದ್ದಕ್ಕಿದ್ದ ಹಾಗೆ, "ಅಪ್ಪಾ, ನಿನ್ನ ಅಂಗಡಿ ವಾಸನೆ ಬರ್ತಿದೆ" ಅಂದೆ.

ನಿದ್ದೆ ಹಾರಿಹೋಯಿತು. ಲೈನರ್ ಸುಟ್ಟ ವಾಸನೆ ಅದು. ನಾನು ಕೂಗುವಷ್ಟರಲ್ಲಿ ಅವನೇ, "ಅಣ್ಣಾ, ಬ್ರೇಕ್ ಹಿಡೀತಿಲ್ಲ" ಅಂದ. ಪೆಡಲ್ ತಳ ಮುಟ್ಟುತ್ತಿತ್ತು. ಗೇರ್ ಹಾಕು ಅಂದೆ. ಆ ವೇಗದಲ್ಲಿ ಸೆಕೆಂಡ್ ಎಲ್ಲಿ ಬೀಳುತ್ತೆ, ಕರಕರ ಅಂದಿತು. ಕೊನೆಗೆ ಥರ್ಡ್ ಬಿತ್ತು. ಹ್ಯಾಂಡ್‌ಬ್ರೇಕ್ ಸ್ವಲ್ಪ ಸ್ವಲ್ಪವೇ ಎಳೆಸಿದೆ. ಗುಡ್ಡದ ಕಡೆಯ ಚರಂಡಿಗೆ ಎಡಗಾಲಿ ಇಳಿಸಿದ ಮೇಲೆ ಗಾಡಿ ನಿಂತಿತು. ಹುಡುಗ ಇಳಿದವನೇ ಕ್ಯಾನ್ ತಗೊಂಡು ಗಾಲಿಗೆ ನೀರು ಹಾಕೋಕೆ ಓಡಿದ. ಕೈ ಹಿಡಿದು ನಿಲ್ಲಿಸಿದೆ. ಅಷ್ಟು ಕಾದ ಬೀಡು ಕಬ್ಬಿಣದ ಡ್ರಮ್ಮಿಗೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತೆ. ಒಂದು ಗಂಟೆ ಹಾಗೇ ಕೂತೆವು. ಕೋತಿ ಬಂದು ಪುಳಿಯೋಗರೆ ಡಬ್ಬಿ ಎತ್ತಿಕೊಂಡು ಹೋಯಿತು, ನೀನು ಬಿದ್ದು ಬಿದ್ದು ನಕ್ಕೆ. ತಣ್ಣಗಾದ ಮೇಲೆ ಪೆಡಲ್ ಏನೂ ಆಗಿಲ್ಲದ ಹಾಗೆ ಮೇಲೆ ಬಂತು. ಅದೇ ನೋಡು ಅದರ ಮೋಸ. ಊರಿಗೆ ಬಂದು ಗ್ಯಾರೇಜಿನಲ್ಲಿ ತೋರಿಸಿದರೆ ಬ್ರೇಕ್ ಚೆನ್ನಾಗಿಯೇ ಇದೆ ಅಂತಾರೆ.

ಆ ಹುಡುಗನನ್ನು ಬೈಯೋಕೆ ನನಗೆ ಬಾಯಿ ಬರಲಿಲ್ಲ. ಬ್ರೇಕ್ ಕೆಲಸ ಮಾಡೋನು ನಾನು ಮುಂದಿನ ಸೀಟಿನಲ್ಲಿ ಕೂರಬೇಕಿತ್ತು.

ಅಂಗಡಿಗೆ ಬರುವ ಹಳೇ ಲೈನರ್ ನೋಡಿದರೆ ಗಾಡಿ ಹೇಗೆ ಓಡಿದೆ ಅಂತ ಹೇಳಬಲ್ಲೆ. ಸರಿಯಾಗಿ ಸವೆದ ಲೈನರ್ ಮಂಕಾಗಿ, ಸ್ಲೇಟಿನ ಹಾಗೆ ಇರುತ್ತೆ. ಸುಟ್ಟಿದ್ದು ಗಾಜಿನ ಹಾಗೆ ಮಿನುಗುತ್ತೆ. ಬೆರಳಾಡಿಸಿದರೆ ನುಣ್ಣಗೆ ಜಾರುತ್ತೆ. ಅಂಚು ಉಗುರಲ್ಲಿ ಒತ್ತಿದರೆ ಹಪ್ಪಳದ ಹಾಗೆ ಉದುರುತ್ತೆ. ಡ್ರಮ್ಮಿನ ಒಳಗೆ ಅಲ್ಲಲ್ಲಿ ನೀಲಿ ಕಲೆ, ಕೂದಲೆಳೆಯಂಥ ಬಿರುಕು. ಘಾಟಿ ಇಳಿದು ಬಂದ ಲಾರಿಯವರು ಎದುರಿಗೇ ನಿಂತು, "ಡೂಪ್ಲಿಕೇಟ್ ಮಾಲು ಹಾಕಿದ್ದೀರಿ" ಅಂತ ಜಗಳಕ್ಕೆ ಬರುತ್ತಿದ್ದರು. ಹತ್ತರಲ್ಲಿ ಒಂದು ಸಲ ಇದ್ದರೂ ಇರಬಹುದು. ಉಳಿದ ಒಂಬತ್ತು ಸಲ ಕಾಲಿನ ತಪ್ಪು.

ನಿಮ್ಮ ಕಾರು 1700 ಕೆ.ಜಿ., ಕಾರವಾನ್ ಸಾಮಾನು ಸೇರಿ 1300 ಅಂದೆ. ಒಟ್ಟು ಮೂರು ಟನ್. ನಿನ್ನ ತಮ್ಮನ ಕೈಲಿ ಲೆಕ್ಕ ಮಾಡಿಸಿದೆ. ಮೂರು ಟನ್ ಗಾಡಿ ವೇಗ ಹೆಚ್ಚಿಸದೆ ಎತ್ತರದಲ್ಲಿ 100 ಮೀಟರ್ ಕೆಳಗಿಳಿದರೆ, ಬರೀ ಬ್ರೇಕ್‌ನಲ್ಲೇ ಹಿಡಿದರೆ, ಸುಮಾರು 10 ಲೀಟರ್ ತಣ್ಣೀರು ಕುದಿಯುವಷ್ಟು ಬಿಸಿ ಹುಟ್ಟುತ್ತೆ. ಒಂದು ಬಿಂದಿಗೆ ನೀರು! ಅಷ್ಟು ಬಿಸಿ ಹೋಗೋದು ಅಂಗೈ ಅಗಲದ ಕೆಲವು ಪ್ಯಾಡುಗಳಿಗೆ, ಅವುಗಳ ಡಿಸ್ಕಿಗೆ, ಡ್ರಮ್ಮಿಗೆ. ನಮ್ಮ ಮೆಟಡೋರ್ ತೂಕವೂ ಹೆಚ್ಚುಕಡಿಮೆ ಇಷ್ಟೇ ಇತ್ತು, ಅವನು ಎಷ್ಟು ಬಿಂದಿಗೆ ಕುದಿಸಿದನೋ.

ಈ ಬಿಸಿಯನ್ನು ಬ್ರೇಕಿಗೆ ಹೊರಿಸದೆ ಎಂಜಿನ್ನಿಗೆ ಹೊರಿಸಬೇಕು. ಎಂಜಿನ್ನಿಗೆ ರೇಡಿಯೇಟರ್ ಇದೆ, ಗಾಳಿ ಇದೆ, ಅದು ಇಡೀ ದಿನ ತಡೆಯುತ್ತೆ. ಹಾಗಾಗಿ ಕಡಿಮೆ ಗೇರು. ಅದೂ ಇಳಿಜಾರು ಶುರುವಾಗುವ ಮೊದಲೇ. ಪುಟ್ಟಿ, ಈ ಪತ್ರದಲ್ಲಿ ಬೇರೆ ಏನು ಮರೆತರೂ ಇದನ್ನು ಮರೀಬೇಡ. ಮೇಲೆ ಸಮತಟ್ಟಿನಲ್ಲೇ ನಿಧಾನ ಮಾಡು, ಗೇರ್ ಇಳಿಸು, ಆಮೇಲೆ ಮೂತಿ ಕೆಳಗೆ ಮಾಡು. ನಡುದಾರಿಯಲ್ಲಿ ಗೇರ್ ಹುಡುಕಿದರೆ ಕರಕರ ಅನ್ನೋದು ಮಾತ್ರ. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರ್ ಅಂತ ಹಳೇ ಲಾರಿಯವರ ಮಾತು. ಈಗಿನ ಕಾರುಗಳಿಗೆ ಶಕ್ತಿ ಜಾಸ್ತಿ, ಥರ್ಡ್‌ನಲ್ಲೇ ಬೆಟ್ಟ ಹತ್ತಿಬಿಡುತ್ತವೆ. ಅದಕ್ಕೆ ಆ ಮಾತಿನ ಮೇಲೆ ಇನ್ನೊಂದು ಗೇರ್ ಇಳಿಸು ಅಂತೀನಿ ನಾನು. ನಿಮ್ಮದು ಆಟೋಮ್ಯಾಟಿಕ್. ಸುಮ್ನೆ ಡಿ ಅಲ್ಲೇ ಬಿಟ್ಟರೆ ಅದು ತಾನೇ ಮೇಲಿನ ಗೇರಿಗೆ ಹೋಗಬಹುದು. ಕೈಯಲ್ಲಿ ಸೆಕೆಂಡಿಗೆ ಹಾಕಿ ಅಲ್ಲೇ ಹಿಡಿ. ಎಂಜಿನ್ ಕೂಗುತ್ತೆ, ಅಳಿಯಂದಿರು ಗಾಬರಿ ಆಗಬಹುದು. ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟದಿದ್ದರೆ ಕೂಗಲಿ ಬಿಡು. ವೇಗವನ್ನು ತಾನೇ ಹಿಡಿದಿಡೋ ಕ್ರೂಸ್ ಕಂಟ್ರೋಲ್ ಮಾತ್ರ ಆಫ್ ಇರಲಿ.

ಬ್ರೇಕ್ ಬೇಡವೇ ಬೇಡ ಅಂತಲ್ಲ. ಗಂಟೆಗೆ 20 ಮೈಲಿ ಸಾಕು ಅಂತ ನೀನು ತೀರ್ಮಾನ ಮಾಡಿದೆ ಅಂದುಕೋ. ಮುಳ್ಳು 20 ಮುಟ್ಟಿದಾಗ ಗಟ್ಟಿಯಾಗಿ ಒತ್ತು, 15ಕ್ಕೆ ಇಳಿಸು, ಕಾಲು ಪೂರ್ತಿ ತೆಗೆ. ಮತ್ತೆ 20 ಆದಾಗ ಮತ್ತೆ ಒತ್ತು. ಆ ನಡುವಿನ ಬಿಡುವಿನಲ್ಲಿ ಬ್ರೇಕ್ ಉಸಿರಾಡುತ್ತೆ. ಪೆಡಲ್ ಮೇಲೆ ಸುಮ್ನೆ ಕಾಲಿಟ್ಟುಕೊಂಡು ಉದ್ದಕ್ಕೂ ಸವರುತ್ತಾ ಬಂದರೆ ಲೈನರ್ ಗಾಜಾಗುತ್ತೆ.

ಇನ್ನು ಕಾರವಾನ್ನಿನ ಬ್ರೇಕು. ಅದಕ್ಕೆ ಬೇರೆ ಪೆಡಲ್ ಇಲ್ಲ, ಕರೆಂಟೂ ಇಲ್ಲ ಅಂತ ನೀನು ಹೇಳಿದಾಗಲೇ ನನಗೆ ಅರ್ಥವಾಯಿತು, ನಮ್ಮ ಎತ್ತಿನ ಗಾಡಿಯದ್ದೇ ಕಥೆ. ನಿಮ್ಮಜ್ಜ ಜೋಳದ ಚೀಲ ಹೇರಿಕೊಂಡು ಕೆರೆ ಏರಿಯಿಂದ ಇಳಿಯುವಾಗ ಗಾಡಿ ಹಿಂದಿನಿಂದ ತಳ್ಳಿ, ನೊಗ ಮುಂದೆ ಸರಿದು ಎತ್ತಿನ ಕೊಂಬಿಗೆ ತಾಗುತ್ತಿತ್ತು. ಅಜ್ಜ ಇಳಿದು ಮುಂದೆ ಬಂದು ನೊಗಕ್ಕೆ ಕೈ ಕೊಟ್ಟು ಹಿಂದಕ್ಕೆ ಒತ್ತುತ್ತಾ ಇಳಿಸುತ್ತಿದ್ದರು. ನಿಮ್ಮ ಕಾರವಾನ್ ಅದೇ ತಳ್ಳುವಿಕೆಯನ್ನು ಬ್ರೇಕಿಗೆ ಬಳಸಿಕೊಳ್ಳುತ್ತೆ. ಕಾರು ನಿಧಾನವಾದಾಗ ಕಾರವಾನ್ ಮುಂದಕ್ಕೆ ತಳ್ಳುತ್ತೆ, ಕೊಂಡಿಯ ದಂಡ ಒಳಗೆ ಸರಿಯುತ್ತೆ, ಅದು ರಾಡು ಕೇಬಲ್ ಎಳೆದು ಹಿಂದಿನ ಡ್ರಮ್ಮಿನ ಬ್ರೇಕ್ ಒತ್ತುತ್ತೆ. ಜಾಣ ಕೆಲಸ, ಮೆಚ್ಚಿದೆ. ಆದರೆ ಉದ್ದದ ಇಳಿಜಾರಿನಲ್ಲಿ ಅದು ಉದ್ದಕ್ಕೂ ತಳ್ಳುತ್ತಲೇ ಇರುತ್ತೆ. ನೀನು ಕಾಲು ತೆಗೆದರೂ ಹಿಂದಿನ ಡ್ರಮ್ಮು ಸ್ವಲ್ಪ ಸವರುತ್ತಲೇ ಇರಬಹುದು. ಹಾಗಾಗಿ ಕೆಳಗೆ ಮುಟ್ಟಿದ ಮೇಲೆ ಅದನ್ನೂ ನೋಡು. ಮುಟ್ಟಬೇಡ, ಅಂಗೈ ಹತ್ತಿರ ಹಿಡಿದರೆ ಕಾವು ಗೊತ್ತಾಗುತ್ತೆ. ತುಂಬಾ ಕಾದಿದ್ದರೆ ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆದಿಡಬೇಡ. ಸಮತಟ್ಟು ಜಾಗ ನೋಡಿ ಗಾಲಿಗೆ ಅಡ್ಡ ಕೊಡು. ಕಾರಿಗೆ ಸಿಕ್ಕಿಸೋ ಆ ತೆಳ್ಳಗಿನ ತಂತಿಯನ್ನು ಒಂದು ದಿನವೂ ಮರೀಬೇಡ. ಕೊಂಡಿ ಕಳಚಿಕೊಂಡರೆ ಕಾರವಾನ್ನಿನ ಬ್ರೇಕ್ ಎಳೆಯೋದು ಅದೇ.

ಕೊಂಡಿ ಕೂರೋ ಗುಂಡಿನ ಮೇಲೆ ಗ್ರೀಸ್ ಹಚ್ಚು ಅಂತ ನಾನು ಹೇಳಿದ್ದು ತಪ್ಪು. ಓಲಾಟ ತಡೆಯೋಕೆ ಒಳಗೆ ಪ್ಯಾಡ್ ಇರುವ ಕೊಂಡಿ ಅದು, ಒರೆಸಿ ಒಣಗಿಸಿ ಇಡಬೇಕು ಅಂತ ನೀನು ಹೇಳಿದ್ದೇ ಸರಿ. 32 ವರ್ಷ ಕಂಡಿದ್ದಕ್ಕೆಲ್ಲ ಗ್ರೀಸ್ ಹಚ್ಚಿದವನು, ಒಪ್ಪಿಕೊಳ್ಳೋಕೆ ಒಂದು ರಾತ್ರಿ ಬೇಕಾಯಿತು. ನಿನ್ನ ತಮ್ಮ ಇನ್ನೂ ನಗುತ್ತಿದ್ದಾನೆ.

ಸಾಮಾನು ಹೇರೋದರಲ್ಲೂ ಗಾಡಿಯ ಲೆಕ್ಕವೇ. ಹಿಂಭಾರ ಆದರೆ ಗಾಡಿ ಬಾಲ ಅಲ್ಲಾಡಿಸುತ್ತೆ. ಕಾರವಾನ್ ತೂಕದಲ್ಲಿ ನೂರಕ್ಕೆ 5ರಿಂದ 7 ಭಾಗ ಕೊಂಡಿಯ ಮೇಲೆ ಬರಬೇಕು. ನಿಮ್ಮದಕ್ಕೆ ಅದು 65ರಿಂದ 91 ಕೆ.ಜಿ. ಕಾರು ಎಷ್ಟು ತಡೆಯುತ್ತೆ ಅಂತ ಅದರ ಪುಸ್ತಕದಲ್ಲೂ ನೋಡು, ಕಡಿಮೆ ಯಾವುದೋ ಅದೇ ಮಿತಿ. ಅಕ್ಕಿ, ಕುಕ್ಕರ್, ಗ್ರೈಂಡರ್ ಎಲ್ಲ ಕೆಳಗೆ, ಅಚ್ಚಿನ ಹತ್ತಿರ ಇಡು. (ನಾಲ್ಕು ದಿನಕ್ಕೆ ಗ್ರೈಂಡರ್ ಯಾಕೆ ಅಂತ ಕೇಳಲ್ಲ. ಅಮ್ಮನ ಮಗಳು ನೀನು.) ಅಕಸ್ಮಾತ್ ಹಿಂದೆ ಓಲಾಡೋಕೆ ಶುರುವಾದರೆ ಜೋರಾಗಿ ಬ್ರೇಕ್ ಒತ್ತಬೇಡ. ಆಕ್ಸಿಲರೇಟರ್ ಬಿಡು, ಸ್ಟೇರಿಂಗ್ ನೇರವಾಗಿ ಹಿಡಿ, ತಾನೇ ನಿಧಾನವಾಗಲಿ.

ಕಾರಿನ ಬ್ರೇಕ್ ಆಯಿಲ್ ಬದಲಾಯಿಸಿ ಎಷ್ಟು ದಿನ ಆಯ್ತು? ಆ ಎಣ್ಣೆ ಗಾಳಿಯಲ್ಲಿನ ತೇವ ಹೀರುತ್ತೆ. ಡಾಟ್ 4 ಅನ್ನೋ ಜಾತಿಯ ಎಣ್ಣೆ ಹೊಸದಿದ್ದಾಗ ಕಡಿಮೆ ಅಂದರೂ 230 ಡಿಗ್ರಿವರೆಗೆ ಕುದಿಯಲ್ಲ. ತೇವ ಸೇರಿದ ಮೇಲೆ 155ಕ್ಕೇ ಕುದಿಯಬಹುದು. ಕುದಿದರೆ ಪೈಪಿನಲ್ಲಿ ಆವಿ. ಆವಿ ಒತ್ತಿದರೆ ಕುಗ್ಗುತ್ತೆ, ಪೆಡಲ್ ತಳಕ್ಕೆ ಹೋಗುತ್ತೆ. ಎರಡು ವರ್ಷ ಆಗಿದ್ದರೆ ಹೊರಡುವ ಮೊದಲು ಬದಲಾಯಿಸು. ಖರ್ಚು ಅಂತ ನೋಡಬೇಡ.

ದಾರಿ ನಾನೂ ಮ್ಯಾಪ್‌ನಲ್ಲಿ ನೋಡಿದೆ. ಥರ್ಸ್ಕ್ ಕಡೆಯಿಂದ ಎ170 ರಸ್ತೆಯಲ್ಲಿ ಸಟನ್ ಬ್ಯಾಂಕ್ ಅಂತ ಬೆಟ್ಟ ಇದೆ, ಅಲ್ಲಿ ಕಾರವಾನ್‌ಗೆ ಪ್ರವೇಶವೇ ಇಲ್ಲ. ಫೋನು ಹೇಳಿತು ಅಂತ ಆ ಕಡೆ ತಿರುಗಬೇಡ. ಎ64ರಲ್ಲಿ ಮಾಲ್ಟನ್‌ಗೆ ಬಂದು, ಅಲ್ಲಿಂದ ಎ169 ಹಿಡಿದು ಪಿಕರಿಂಗ್ ಮೇಲೆ ಹೋಗು. ಅಲ್ಲೂ ವಿಟ್ಬಿ ಹತ್ತಿರ ಬಂದಾಗ, ಸ್ಲೈಟ್ಸ್ ಊರಿಗೆ ಇಳಿಯುವಲ್ಲಿ, ಬ್ಲೂ ಬ್ಯಾಂಕ್ ಅನ್ನೋ ಕಡಿದಾದ ಇಳಿಜಾರು ಇದೆ. ಐದಕ್ಕೆ ಒಂದು, ಅಂದರೆ ನೂರು ಅಡಿ ಮುಂದೆ ಹೋದರೆ ಇಪ್ಪತ್ತು ಅಡಿ ಕೆಳಗೆ. ನಮ್ಮ ಘಾಟಿ ಹಾವಿನ ಹಾಗೆ ಸುತ್ತಿ ಸುತ್ತಿ ಇಳಿಸುತ್ತೆ. ಇದು ಹಾಗಲ್ಲ. ಅಂಥ ಇಳಿಜಾರಿನಲ್ಲಿ ನಿಮ್ಮ ಮೂರು ಟನ್ನನ್ನು ಸುಮಾರು 600 ಕೆ.ಜಿ. ಭಾರ ಮುಂದಕ್ಕೆ ಎಳೆಯುತ್ತೆ. 50 ಕೆ.ಜಿ.ಯ ಹನ್ನೆರಡು ಅಕ್ಕಿ ಚೀಲ ಹಗ್ಗ ಕಟ್ಟಿ ಬಾವಿಗೆ ಬಿಟ್ಟ ಹಾಗೆ. ಬ್ರೇಕ್ ಸೋತ ಗಾಡಿಗಳು ನುಗ್ಗೋಕೆ ಅಂತಲೇ ಪಕ್ಕದಲ್ಲಿ ಒಂದು ದಾರಿ ಬಿಟ್ಟಿದ್ದಾರೆ ಅಲ್ಲಿ. ಅದು ಎಲ್ಲಿದೆ ಅಂತ ಹೊರಡುವ ಮೊದಲೇ ನೋಡಿಟ್ಟುಕೋ. ಹಿಂದೆ ನಾಲ್ಕು ಕಾರು ಹಾರ್ನ್ ಹೊಡೆದರೂ ಅವಸರ ಮಾಡಬೇಡ, ಜಾಗ ಸಿಕ್ಕಾಗ ಅವರೇ ಹೋಗ್ತಾರೆ.

ಅಳಿಯಂದಿರಿಗೂ ಇದನ್ನು ಓದಿ ಹೇಳು. ನಾನು ಹೇಳಿದೆ ಅಂತ ಬೇಡ, ನೀನೇ ಹೇಳಿದ ಹಾಗೆ ಹೇಳು. ಅಮ್ಮ ಮಂಡಕ್ಕಿ, ಶೇಂಗಾ ಚಟ್ನಿಪುಡಿ ಪಾರ್ಸೆಲ್ ಕಟ್ಟಿಸಿದ್ದಾಳೆ, ನಾಳೆ ಕಳಿಸ್ತೀನಿ.

ಸ್ಲೈಟ್ಸ್‌ಗೆ ಇಳಿದ ಮೇಲೆ ಸಮತಟ್ಟು ಜಾಗ ನೋಡಿ ಗಾಡಿ ನಿಲ್ಲಿಸು. ಪಾಪುವನ್ನು ಕೆಳಗಿಳಿಸಿ ಗಾಲಿಯ ಹತ್ತಿರ ಎತ್ತಿಕೊಂಡು ನಿಲ್ಲು. ಏನು ವಾಸನೆ ಬರ್ತಿದೆ ಅಂತ ಅವನನ್ನೇ ಕೇಳು. ಆಮೇಲೆ ನನಗೆ ಫೋನ್ ಮಾಡು. ಇಲ್ಲಿ ಎಷ್ಟು ರಾತ್ರಿ ಆಗಿದ್ದರೂ ಎದ್ದಿರ್ತೀನಿ.

ಇಂತಿ,
ನಿನ್ನ ಅಪ್ಪ