ತಾತನಿಗೊಂದು ಪತ್ರ, ಎರಡು ಸೆಟ್ ದೋಸೆಯ ಬಾಕಿ ಸಮೇತ

ಲೇ ತಾತ,

ಕ್ಷೇಮ ತಾನೇ? ಊರೆದುರಿಗೆ ಪತ್ರ ಬರೆಯುತ್ತಿದ್ದಾನೆ ಅಂತ ಬೈಯಬೇಡ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಇಲ್ಲಿ ಬರೆದರೆ ಕಾಲೆಳೆಯುವುದಕ್ಕಾದರೂ ಬಂದೇ ಬರುತ್ತೀಯ.

ಹೋದ ಶನಿವಾರ ಲ್ಯಾಪ್‌ಟಾಪ್ ಟಿವಿಗೆ ಸಿಕ್ಕಿಸಿ ನಾನೂ ನನ್ನ ಹೆಂಡತಿಯೂ ಒಂದು ಆಪೆರಾ, ಅಂದರೆ ಹಾಡಿನಲ್ಲೇ ಸಾಗುವ ನಾಟಕ, ನೋಡಿದೆವು. ಮೊಜಾರ್ಟ್‌ನ 'ಕೊಸಿ ಫಾನ್ ತುತ್ತೆ'. ನಗಬೇಡ. ಮೂರು ಗಂಟೆ ಇಟಾಲಿಯನ್ ಹಾಡು, ನನಗೆ ನಿದ್ದೆ ಬರಲಿಲ್ಲ. ಸುಬ್ಬಣ್ಣನ ಸೈಕಲ್ ಮೇಲಾಣೆ.

ಇಟಲಿಯ ನೇಪಲ್ಸ್‌ನ ಕಾಫಿ ಅಂಗಡಿಯಲ್ಲಿ ಇಬ್ಬರು ಸೈನ್ಯದ ಹುಡುಗರು ಕೂತಿದ್ದಾರೆ. ಫೆರಾಂಡೊ, ಗುಲ್ಯೆಲ್ಮೊ. ಇಬ್ಬರೂ ಮದುವೆಯಾಗಬೇಕಿರುವುದು ಅಕ್ಕತಂಗಿಯರನ್ನು. ನಮ್ಮ ಹುಡುಗಿಯರು ಅಪ್ಪಟ ಚಿನ್ನ ಅಂತ ಕೊಚ್ಚಿಕೊಳ್ಳುತ್ತಿರುತ್ತಾರೆ. ಡಾನ್ ಅಲ್ಫೋನ್ಸೊ ಅಂತ ಒಬ್ಬ ಮುದಿ ತತ್ವಜ್ಞಾನಿ ಪಕ್ಕದಲ್ಲಿ ಕೂತು ನಗುತ್ತಾನೆ. 100 ಚಿನ್ನದ ನಾಣ್ಯ ಪಂಥ. ಒಂದು ದಿನ ನಾನು ಹೇಳಿದ ಹಾಗೆ ಕೇಳಿ, ಅಷ್ಟೇ. (ನೀನು ಇಪ್ಪತ್ತಕ್ಕೇ ಹೀಗೆ ನಗುತ್ತಿದ್ದೆ, ತಾತ ಅನ್ನುವ ಅಡ್ಡಹೆಸರಿಗೆ ತಕ್ಕ ಹಾಗೆ.) ಹುಡುಗರು ಯುದ್ಧಕ್ಕೆ ಹೊರಟಂತೆ ನಾಟಕ ಆಡಿ, ಮೀಸೆ ಅಂಟಿಸಿಕೊಂಡು ಅಲ್ಬೇನಿಯಾದವರ ವೇಷದಲ್ಲಿ ವಾಪಸ್ ಬರುತ್ತಾರೆ. ಇವನ ಹುಡುಗಿಗೆ ಅವನು, ಅವನ ಹುಡುಗಿಗೆ ಇವನು ಗಾಳ ಹಾಕುತ್ತಾರೆ. ಡಾಕ್ಟರ್ ವೇಷವೂ ಇದೆ, ಅಕ್ಕತಂಗಿಯರ ಮನೆಕೆಲಸದವಳದ್ದು, ಹುಡುಗರು ಕುಡಿದಂತೆ ನಟಿಸಿದ ವಿಷವನ್ನು ದೊಡ್ಡ ಅಯಸ್ಕಾಂತ ಹಿಡಿದು ಇಳಿಸುತ್ತಾಳೆ. ಹಾಸ್ಟೆಲ್ ಡೇ ನೆನಪಾಗಿ ನಾನೊಬ್ಬನೇ ನಕ್ಕೆ.

ಆದರೆ ಆ ಬೀಳ್ಕೊಡುಗೆಯ ಹಾಡು ಇದೆಯಲ್ಲ. ದೋಣಿ ಹೊರಟುಹೋಗಿದೆ. ಗಾಳಿ ಮೆಲ್ಲಗೆ ಬೀಸಲಿ, ಅಲೆ ಏಳದಿರಲಿ ಅಂತ ಮೂವರು ಹಾಡುತ್ತಾರೆ. ಅಕ್ಕತಂಗಿಯರ ಅಳು ನಿಜದ್ದು. ಮೂರನೆಯವನು ಅಲ್ಫೋನ್ಸೊ, ಇಷ್ಟಕ್ಕೂ ದೋಣಿ ಹತ್ತಿಸಿದವನೇ ಅವನು. ಪಿಟೀಲುಗಳು ನೀರಿನ ಹಾಗೆ ಜುಳುಜುಳು ಅನ್ನುತ್ತಿರುತ್ತವೆ. ಮೋಸಗಾರನ ದನಿಯನ್ನು ಬೇರೆ ಮಾಡಿ ತೋರಿಸುವ ಗೋಜಿಗೇ ಮೊಜಾರ್ಟ್ ಹೋಗಿಲ್ಲ. ಮೂರೂ ಒಂದಕ್ಕಿಂತ ಒಂದು ಸಿಹಿ.

ಕೊನೆಗೆ ಅಕ್ಕತಂಗಿಯರಿಬ್ಬರೂ ಗಾಳಕ್ಕೆ ಬಿದ್ದು ಹುಸಿ ಮದುವೆಯ ಔತಣ. ಅಕ್ಕ ಗ್ಲಾಸ್ ಎತ್ತಿ ಹಾಡು ಶುರು ಮಾಡುತ್ತಾಳೆ, ಫೆರಾಂಡೊ ಅದನ್ನೇ ಹಿಡಿಯುತ್ತಾನೆ, ತಂಗಿ ಹಿಡಿಯುತ್ತಾಳೆ. ಈಗ ಗುಲ್ಯೆಲ್ಮೊನ ಸರದಿ. ಅವನ ಬಾಯಲ್ಲಿ ಆ ರಾಗ ಬರುವುದೇ ಇಲ್ಲ. ಇವರು ವಿಷವನ್ನಾದರೂ ಕುಡಿಯಬಾರದೇ ಅಂತ ಮೂಲೆಯಲ್ಲಿ ಗೊಣಗುತ್ತಾನೆ. ವೇಷ ಹಾಕಿದವನು ತಾನೇ, ಮತ್ತೆ ಉರಿ ಯಾಕೆ?

ಯಾಕೆ ಅಂತ ನನಗೆ ಗೊತ್ತು.

ನಿಶ್ಚಿತಾರ್ಥ ಆಗಿ ಮದುವೆಗೆ ನಾಲ್ಕು ತಿಂಗಳಿತ್ತು. ನೀನು ನಿನ್ನ ಹಳೇ ಸಿಮ್ ಕೊಟ್ಟೆ. "ನಿನ್ನ ಹುಡುಗಿಗೆ ಬೇರೆಯವನ ಹಾಗೆ ಒಂದು ಮೆಸೇಜ್ ಹಾಕು. ಉತ್ತರ ಬರದಿದ್ದರೆ ಎರಡು ಸೆಟ್ ದೋಸೆ ನನ್ನ ಖರ್ಚಲ್ಲಿ" ಅಂದೆ. ಬರಲಿಲ್ಲ ಅಂತ ನಿನಗೆ ಹೇಳಿ ದೋಸೆ ತಿಂದೆ. ಬಂದಿತ್ತು, ತಾತ.

"ಸಾರ್, ನಿಮ್ಮ ತೆಂಗಿನಕಾಯಿ ಲೋಡ್ ನಾಳೆ ಬರುತ್ತೆ" ಅಂತ ಹಾಕಿದ್ದೆ. ಎರಡು ನಿಮಿಷಕ್ಕೆ "ಎಷ್ಟು ಕಾಯಿ?" ಅಂತ ಬಂತು. ಹನ್ನೊಂದು ದಿನ ನಡೆಯಿತು. ಏನು ತಮಾಷೆ, ಏನು ತರಲೆ! ನನ್ನ ನಿಜವಾದ ನಂಬರಿಗೆ ಮಾತ್ರ "ಊಟ ಆಯ್ತಾ", "ಗುಡ್ ನೈಟ್". ನಾನೇನು ಕಮ್ಮಿ? ಅವಳಿಗೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಕಳಿಸುತ್ತಿದ್ದೆ. ಅಪ್ಪನ ಆಪರೇಷನ್ ಹಿಂದಿನ ರಾತ್ರಿ ನಿದ್ದೆ ಬಾರದೆ ಭಯ ತೋಡಿಕೊಂಡವನು ಕಾಯಿ ವ್ಯಾಪಾರಿ. ಅವನಿಗೆ ಅವಳು ಬರೆದ ಸಮಾಧಾನದ ಮಾತು ನನಗೆ ಇವತ್ತಿಗೂ ಬಾಯಿಪಾಠ. ಮರುದಿನ ಆಸ್ಪತ್ರೆಗೆ ಬಂದ ಅವಳ ಹತ್ತಿರ "ಏನೂ ಟೆನ್ಷನ್ ಇಲ್ಲ" ಅಂದೆ.

ಹನ್ನೆರಡನೇ ದಿನ ಸಿಮ್ ಮುರಿದು ಹಾಕಿದೆ. ಅವನ ಮೇಲೆ ಅಷ್ಟು ಹೊಟ್ಟೆಕಿಚ್ಚು ಬಂದಿತ್ತು. ಒಂಬತ್ತು ವರ್ಷ ಆಯಿತು. ಅವನಷ್ಟು ಸಲೀಸಾಗಿ ಅವಳ ಜೊತೆ ಮಾತಾಡಲು ನನಗೆ ಬಂದಿದೆಯಾ ಅಂತ ಕೇಳಿದರೆ...

ಬಿಡು. ಈ ಆಪೆರಾ ಮೊದಲ ಸಲ ಆಡಿದ್ದು 1790ರ ಜನವರಿ 26ಕ್ಕೆ, ವಿಯೆನ್ನಾದಲ್ಲಿ. ಐದು ಆಟ ಆಗುವಷ್ಟರಲ್ಲಿ ಚಕ್ರವರ್ತಿ ತೀರಿಕೊಂಡು ನಾಟಕಶಾಲೆ ಬಾಗಿಲು ಹಾಕಿತು. ಹೆಸರಿನ ಅರ್ಥ 'ಹೆಂಗಸರೆಲ್ಲ ಹೀಗೆಯೇ' ಅಂತ. ಮೀಸೆ ಅಂಟಿಸಿಕೊಂಡವರ ಬಗ್ಗೆ ಹೆಸರಿನಲ್ಲಿ ಒಂದಕ್ಷರ ಇಲ್ಲ, ನೋಡು. ಕಡೆಗೆ ಗುಟ್ಟು ರಟ್ಟಾಗಿ ಎಲ್ಲರೂ ರಾಜಿಯಾಗುತ್ತಾರೆ. ಯಾರು ಯಾರ ಕೈ ಹಿಡಿದರು ಅನ್ನುವುದು ಮಾತ್ರ ಸ್ಪಷ್ಟವಿಲ್ಲ. ಆಡಿಸುವವರು ತಮಗೆ ತೋಚಿದಂತೆ ನಿಲ್ಲಿಸುತ್ತಾರೆ.

ಮುಗಿದ ಮೇಲೆ ಇವಳು ಕಾಲು ಚಾಚಿ, "ಮೀಸೆ ಅಂಟಿಸಿಕೊಂಡರೆ ಮದುವೆಯಾಗೋ ಗಂಡು ಗೊತ್ತಾಗಲ್ವಾ? ದನಿ ಸಾಲದಾ?" ಅಂದಳು. ನಾನು ರಿಮೋಟ್ ಹುಡುಕುತ್ತಿದ್ದೆ. ಅದು ನನ್ನ ಕೈಯಲ್ಲೇ ಇತ್ತು. ರಾತ್ರಿ ಒಂದು ಗಂಟೆಗೆ ಎದ್ದು ಮೊಬೈಲಿನಲ್ಲಿ ಓದಿದೆ. 19ನೇ ಶತಮಾನದಲ್ಲಿ ಕಥೆ ಮರ್ಯಾದೆಯದ್ದಲ್ಲ ಅಂತ ಜರ್ಮನಿಯ ಕಡೆ ತಿದ್ದಿ ಬರೆದರಂತೆ. ಅಂಥ ಕೆಲವು ತಿದ್ದುಪಡಿಗಳಲ್ಲಿ ಹುಡುಗಿಯರಿಗೆ ವೇಷದ ಸಂಗತಿ ಮೊದಲೇ ಗೊತ್ತಾಗಿಬಿಡುತ್ತದೆ.

ಬೆಳಿಗ್ಗೆ ಅಡುಗೆಮನೆಯಿಂದ ಕೂಗಿದಳು. "ಚಟ್ನಿಗೆ ಕಾಯಿ ಇಲ್ಲ, ತರ್ತೀರಾ? ಒಂದು ಸಾಕು. ಲೋಡ್ ಬೇಡ."

ಚೀಲ ಹಿಡಿದು ಹೊರಟವನು ಎರಡು ಸುತ್ತು ಸುಮ್ನೆ ಪಾರ್ಕ್ ಸುತ್ತಿದೆ. ಕಾಯಿ 60 ರೂಪಾಯಿ ಹೇಳಿದ, ಚೌಕಾಸಿ ಮಾಡುವುದಕ್ಕೂ ಬಾಯಿ ಬರಲಿಲ್ಲ.

ನಿನಗೆ ಎರಡು ಸೆಟ್ ದೋಸೆ ಬಾಕಿ. ಒಂಬತ್ತು ವರ್ಷದ ಬಡ್ಡಿ ಕೇಳಬೇಡ. ಬರುವಾಗ ಮೀಸೆ ಬೋಳಿಸಿಕೊಂಡು ಬಾ.

ಇಂತಿ ನಿನ್ನ,
ಕಾಯಿ ವ್ಯಾಪಾರಿ